ಹಳೆಯ ಹರಿಗೋಲಿನ ಪರೀಕ್ಷೆ

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಸೇತುವೆಗಳಿಲ್ಲದ ಕಾಲದಲ್ಲಿ ಕನ್ನಡನಾಡಿನ ಇಂತಹ ಹೊಳೆಗಳನ್ನು ದಾಟಿಸುತ್ತಿದ್ದುದು ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡಾದ ಹರಿಗೋಲು. ಒಬ್ಬರು ಬಳಸಿದ ಹರಿಗೋಲನ್ನು ಇನ್ನೊಬ್ಬರು ಕೊಳ್ಳುವಾಗ ಅದರ ಗುಣದೋಷಗಳನ್ನು ಅರಿಯುವುದೆಂತು?

ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವು ನೌಕೆಯ ಮರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಹಗುರವೂ ಗಟ್ಟಿಯೂ ಆದುದನ್ನು ಮೇಲೆಂದು ಎಣಿಸಿದೆ, ಬೇರೆಬೇರೆ ಜಾತಿಯ ಮರಗಳನ್ನು ಬೆರಸಿ ಕಟ್ಟಿದುದು ಬಹುಕಾಲ ಬಾಳದು, ನೀರಿನಲ್ಲಿ ಕೊಳೆಯುವುದು, ಅಲ್ಪಾಘಾತಕ್ಕೇ ಒಡೆಯುವುದು ಎಂದಿದೆ. ಕಡಲ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದು, ಸೂಜಿಗಲ್ಲು ಸೆಳೆದೀತು ಎಂಬ ಅದರ ನಿಷೇಧವು ಹೊಳೆಗೆ ಸಲ್ಲದು. ಮೊದಲಿನ ಎರಡು ಲಕ್ಷಣಗಳಾದರೋ ಇಲ್ಲಿಯೂ ಸಲ್ಲುವುವು. ಬಿದಿರು ಹಗುರವೂ ಅಹುದು, ಗಟ್ಟಿಯೂ ಅಹುದು; ಆದರೆ ಸವೆದ ದಬ್ಬೆಗಳ ನಡುವೆ ಹೊಸವನ್ನು ಸೇರಿಸಿದ್ದರೆ ಎರಡರ ಬಾಗು ಸಮನಾಗದೆ ಭಾರವೆಲ್ಲವೂ ಕಟ್ಟುಗಳ ಮೇಲೆ ಬೀಳುವುದು.

ಆದುದರಿಂದ ಮೊದಲು ಹರಿಗೋಲನ್ನು ಬಿಸಿಲಿಗೆ ಎತ್ತಿ ಹಿಡಿಯಬೇಕು. ತೊಗಲಿನ ರಂಧ್ರಗಳಲ್ಲಿ ಬೆಳಕು ತೂರುವುದು. ಬಳಿಕ ಹುಳು ಹಿಡಿದ ದಬ್ಬೆಗಳನ್ನೂ ಸಡಿಲಿದ ಕಟ್ಟುಗಳನ್ನೂ ಕೈಯಿಂದ ಒತ್ತಿ ನೋಡಬೇಕು. ಕಡೆಗೆ ದಡದ ಬಳಿಯಲ್ಲಿಯೇ ತುಂಬು ಹೊರೆಯಿಟ್ಟು ತೇಲಿಸಿ, ಒಸರುವ ನೀರನ್ನೂ ವಾಲುವ ಮಗ್ಗುಲನ್ನೂ ಗಮನಿಸಬೇಕು. ಹೊಸ ಹೊದಿಕೆಯ ಅಂದಕ್ಕೆ ಮರುಳಾಗಲಾಗದು. ಹೊದಿಕೆಯನ್ನು ಬದಲಿಸಬಹುದು, ನಡುಹೊಳೆಯಲ್ಲಿ ಹೆಣಿಗೆ ಮುರಿದರೆ ದಾಟುವವರ ಪ್ರಾಣಕ್ಕೆ ಬದಲಿಲ್ಲ.