ಹೆಸರು ಹಿಡಿದು ಕೊಡುವುದು, ಸಾಲಿನಲ್ಲಿಟ್ಟು ಕೊಡುವುದು

ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ ಮಂಡ್ಯಕ್ಕೆ ಸಮೀಪ ಯಲಿಯೂರು ಎಂಬ ನಿಲ್ದಾಣವಿದೆ. ಆ ಊರಿನವರ ಮುಂದೆ ನೀವು "ಬೋರ ಸಿದ್ದನಿಗೆ ಬೆಲ್ಲವನ್ನು ಕೊಟ್ಟ" ಎಂದು ಹೇಳಿ. ಬಳಿಕ "ಸಿದ್ದನಿಗೆ ಬೆಲ್ಲವನ್ನು ಬೋರ ಕೊಟ್ಟ" ಎನ್ನಿ. "ಬೆಲ್ಲವನ್ನು ಬೋರ ಸಿದ್ದನಿಗೆ ಕೊಟ್ಟ" ಎಂದರೂ ಸರಿಯೇ. ಪದಗಳು ಎಷ್ಟು ಸಲ ಜಾಗ ಬದಲಿಸಿದರೂ ಬೆಲ್ಲ ಸೇರುವುದು ಸಿದ್ದನ ಕೈಗೇ. (ಆ ಕಡೆಯ ಮಾತಿನಲ್ಲಿ "ಸಿದ್ದಂಗೆ" ಎಂದಾಗಬಹುದು, ಅರ್ಥಕ್ಕೆ ಭಂಗವಿಲ್ಲ.)

ಇದು ಹೇಗೆ ಸಾಧ್ಯವಾಯಿತು? ಪ್ರತಿಯೊಂದು ಪದವೂ ತನ್ನ ಕೆಲಸವೇನೆಂಬ ಚೀಟಿಯನ್ನು ಬೆನ್ನಿಗೆ ಅಂಟಿಸಿಕೊಂಡು ಬಂದಿದೆ. "ಇಗೆ" ಎಂಬುದು ಪಡೆಯುವವನ ಚೀಟಿ, "ಅನ್ನು" ಎಂಬುದು ಕೊಟ್ಟ ವಸ್ತುವಿನ ಚೀಟಿ. ಇವೇ ನೀವು ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇವುಗಳನ್ನು ವಿವರಿಸಿದ್ದಾನೆ. ಇಂಗ್ಲಿಷಿನ ರೀತಿ ಬೇರೆ. "ದಿ ಡಾಗ್ ಚೇಸ್ಡ್ ದಿ ಕ್ಯಾಟ್" ಎಂಬಲ್ಲಿ ನಾಯಿ ಮತ್ತು ಬೆಕ್ಕಿನ ಸ್ಥಾನ ಬದಲಾಯಿಸಿದರೆ ಓಡಿಸಿದ್ದು ಬೆಕ್ಕು, ಓಡಿದ್ದು ನಾಯಿ ಎಂದಾಗುತ್ತದೆ. ಅಲ್ಲಿ ಚೀಟಿಯಿಲ್ಲ, ನಿಂತ ಜಾಗವೇ ಗುರುತು.

ವ್ಯಾಕರಣದ ಪಾಠಕ್ಕೂ ಗಣಕಕ್ಕೂ ಏನು ಸಂಬಂಧವೆಂದು ಕೇಳುತ್ತೀರಿ. ಸಂಬಂಧ ಬಹಳ ಹತ್ತಿರದ್ದು.

ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗಳು ಇಂದು ಬಳಸುವ ಗಣಕ ಭಾಷೆಗಳಲ್ಲಿ "ಆರ್" ಎಂಬುದು ಪ್ರಮುಖವಾದುದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಅದನ್ನು ರೂಪಿಸಿದರು, ಅದರ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರುವರಿ 29ರಂದು. ಅದಕ್ಕೂ ಮೊದಲು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ಆರಂಭಿಸಿದ "ಎಸ್" ಭಾಷೆಯೇ ಇದರ ಹಿರಿಯಕ್ಕ. ಆರ್ ಉಚಿತ, ಹಳ್ಳಿಯ ಕಾಲೇಜಿನ ಗಣಕದಲ್ಲೂ ಹಾಕಿಕೊಳ್ಳಬಹುದು.

ಇಂಥ ಭಾಷೆಯಲ್ಲಿ ಲೆಕ್ಕ ಮಾಡುವ ಘಟಕವನ್ನು ಫಂಕ್ಷನ್ ಎನ್ನುತ್ತಾರೆ. ಅದಕ್ಕೆ ನಾವು ಒಪ್ಪಿಸುವ ಬೆಲೆಗಳು ಆರ್ಗ್ಯುಮೆಂಟುಗಳು. (ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ!) ಒಪ್ಪಿಸುವ ವಿಧಾನ ಎರಡು. ಹೆಸರು ಹೇಳದೆ, ಸಾಲಿನಲ್ಲಿ ಇಂತಿಷ್ಟನೆಯ ಜಾಗದಲ್ಲಿಟ್ಟು ಕೊಡುವುದು ಒಂದು. ಇದು ಸ್ಥಾನದ ವಿಧಾನ. ಹೆಸರು ಬರೆದು ಸಮ ಚಿಹ್ನೆ ಹಾಕಿ ಬೆಲೆ ಕೊಡುವುದು ಇನ್ನೊಂದು, ನಮ್ಮ ವಿಭಕ್ತಿಯ ಹಾಗೆ. ಆರ್ ಎರಡನ್ನೂ ಒಪ್ಪುತ್ತದೆ, ಒಂದೇ ಸಾಲಿನಲ್ಲಿ ಬೆರೆಸಿದರೂ ಒಪ್ಪುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಒಂದು ಲೆಕ್ಕ ನೋಡೋಣ. ಬೆಳೆ ವಿಮೆಗೆಂದು 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಂತೆ, ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ ನಡೆಸಬೇಕು. ಹೊಲದಲ್ಲಿ ಗೊತ್ತುಪಡಿಸಿದ ಅಳತೆಯ ತುಂಡೊಂದನ್ನು ಗುರುತಿಸಿ, ಕೊಯ್ದು, ಒಕ್ಕಿ, ತೂಗುತ್ತಾರೆ. ಅವುಗಳ ಸರಾಸರಿ ಇಳುವರಿ ಮೊದಲೇ ನಿಗದಿಯಾದ ಮಟ್ಟಕ್ಕಿಂತ ಕಡಿಮೆಯಿದ್ದರೆ, ಎಷ್ಟು ಭಾಗ ಕಡಿಮೆಯೋ ವಿಮಾ ಮೊತ್ತದ ಅಷ್ಟು ಭಾಗ ಪರಿಹಾರ. ಮಳೆಯಾಶ್ರಿತ ರಾಗಿಯ ನಾಲ್ಕು ಹೊಲಗಳಲ್ಲಿ ಹೆಕ್ಟೇರಿಗೆ 18, 11, 9, 10 ಕ್ವಿಂಟಲ್ ಬಂತೆಂದು ಊಹಿಸಿಕೊಳ್ಳಿ. ನಿಗದಿತ ಮಟ್ಟ 15 ಎನ್ನೋಣ. ಮೊತ್ತ 48, ಸರಾಸರಿ 12. ಅಂದರೆ ಐದರಲ್ಲಿ ಒಂದು ಪಾಲು ಕೊರತೆ. ರೈತರಿಗೆ ವಿಮಾ ಮೊತ್ತದ ಶೇಕಡಾ 20 ಸಲ್ಲಬೇಕು.

ಸರಾಸರಿ ತೆಗೆಯುವ ಫಂಕ್ಷನ್ನಿನ ಹೆಸರು "ಮೀನ್". ನೀವು ಅವಸರದಲ್ಲಿ (ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಇಲ್ಲಿ ನಮ್ಮ ಲಿಪಿಯಲ್ಲಿ) ಹೀಗೆ ಬರೆಯುತ್ತೀರಿ:

ಮೀನ್(18, 11, 9, 10)

ಉತ್ತರ 18! ಗಣಕ ತಪ್ಪೆಂದು ಕೂಗುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಈ 18ನ್ನು ನಂಬಿದರೆ ಆ ಪಂಚಾಯಿತಿಯಲ್ಲಿ ಬೆಳೆ ಚೆನ್ನಾಗಿಯೇ ಬಂದಿದೆ, ಪರಿಹಾರ ಸೊನ್ನೆ.

ಏನಾಯಿತೆಂದು ನಿಧಾನವಾಗಿ ನೋಡಿ. ಮೀನ್ ಫಂಕ್ಷನ್ನಿನ ಸಾಲಿನಲ್ಲಿ ಮೊದಲ ಜಾಗದ ಹೆಸರು "ಎಕ್ಸ್", ಅಂದರೆ ಸರಾಸರಿ ತೆಗೆಯಬೇಕಾದ ಸಂಖ್ಯೆಗಳ ಕಂತೆ. ಎರಡನೆಯದು "ಟ್ರಿಮ್": ಎರಡೂ ತುದಿಗಳಿಂದ ಎಷ್ಟು ಭಾಗದಷ್ಟು ಸಂಖ್ಯೆಗಳನ್ನು ಕತ್ತರಿಸಿ ಬಿಡಬೇಕೆಂಬುದು. ಮೂರನೆಯದು "ಎನ್ಎ.ಆರ್ಎಂ": ದೊರೆಯದ ಬೆಲೆಗಳನ್ನು ತೆಗೆದುಹಾಕಲೇ ಎಂಬ ಪ್ರಶ್ನೆ. ನೀವು ಹೆಸರು ಹೇಳಲಿಲ್ಲವಾದ್ದರಿಂದ 18 ಎಕ್ಸ್ ಆಯಿತು, 11 ಟ್ರಿಮ್ ಆಯಿತು, 9 ಮೂರನೆಯ ಜಾಗಕ್ಕೆ ಹೋಯಿತು, 10 ಯಾರಿಗೂ ಬೇಡವಾಗಿ ಹಿಂದೆ ಉಳಿಯಿತು. ಟ್ರಿಮ್ ಅರ್ಧಕ್ಕಿಂತ ಹೆಚ್ಚಾದರೆ ಈ ಫಂಕ್ಷನ್ ಮಧ್ಯಾಂಕವನ್ನು ಕೊಡುತ್ತದೆ. ಒಂಟಿ 18ರ ಮಧ್ಯಾಂಕ 18 ಅಲ್ಲದೆ ಇನ್ನೇನು? ಸಂಖ್ಯೆಗಳನ್ನು ಮೊದಲು "ಸಿ" ಎಂಬ ಫಂಕ್ಷನ್ನಿನಿಂದ ಒಂದು ಕಂತೆ ಕಟ್ಟಬೇಕು:

ಮೀನ್(ಸಿ(18, 11, 9, 10))

ಈಗ ಉತ್ತರ 12.

ಇನ್ನೊಂದು ವಿಚಿತ್ರವಿದೆ. ಮೊತ್ತ ತೆಗೆಯುವ "ಸಮ್"ಗೆ ಅದೇ ನಾಲ್ಕು ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಕೊಟ್ಟರೆ 48 ಎಂದು ಸರಿಯಾಗಿಯೇ ಹೇಳುತ್ತದೆ. ಅದರ ಮೊದಲ ಜಾಗದಲ್ಲಿರುವುದು ಹೆಸರಲ್ಲ, ಮೂರು ಚುಕ್ಕಿಗಳು. "ಎಷ್ಟಾದರೂ ಬರಲಿ" ಎಂಬ ತೆರೆದ ಬಾಗಿಲು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಬಗೆಯ ನಡತೆ ಕಲಿಸಿದಂತಿದೆ ಇದು, ನನಗೆ ಮೆಚ್ಚುಗೆಯಾದ ವಿಷಯವಲ್ಲ. ಆ ತೆರೆದ ಬಾಗಿಲಿಗೂ ಅಪಾಯವುಂಟು. ಚುಕ್ಕಿಗಳ ನಂತರ ಬರುವ ಹೆಸರನ್ನು ಅಕ್ಷರ ತಪ್ಪದೆ ಪೂರ್ತಿ ಬರೆಯಬೇಕು. ನಡುವಿನ ಚುಕ್ಕಿಯನ್ನು ಮರೆತು ಹೀಗೆ ಬರೆದಿರೆನ್ನಿ:

ಸಮ್(18, 11, 9, 10, ಎನ್ಎಆರ್ಎಂ = ಟ್ರೂ)

ಉತ್ತರ 49. ಆ ಹೆಸರು ಸಮ್‌ಗೆ ಪರಿಚಯವಿಲ್ಲ, ಆದ್ದರಿಂದ "ಟ್ರೂ" ಎಂಬುದನ್ನೂ ಕೂಡಬೇಕಾದ ಬೆಲೆಯೆಂದೇ ತೆಗೆದುಕೊಂಡಿತು. ಟ್ರೂ ಎಂದರೆ ಲೆಕ್ಕದಲ್ಲಿ ಒಂದು. ಹೀಗೆ ಒಂದು ಕ್ವಿಂಟಲ್ ರಾಗಿ ಶೂನ್ಯದಿಂದ ಹುಟ್ಟಿತು.

ಹಾಗಾದರೆ ಆರ್ ಯಾವ ಕ್ರಮದಲ್ಲಿ ಹೊಂದಿಸುತ್ತದೆ? ಮೊದಲು ಪೂರ್ತಿ ಹೆಸರು ಕೂಡಿಬಂದವುಗಳನ್ನು ಅವುಗಳ ಜಾಗಕ್ಕೆ ಕಳಿಸುತ್ತದೆ. ಬಳಿಕ ಹೆಸರಿನ ಆರಂಭದ ಅಕ್ಷರಗಳನ್ನಷ್ಟೇ ಬರೆದಿದ್ದರೆ, ಗೊಂದಲವಿಲ್ಲದಿದ್ದಲ್ಲಿ, ಅವನ್ನೂ ಗುರುತಿಸುತ್ತದೆ. ಕೊನೆಗೆ ಹೆಸರಿಲ್ಲದೆ ಉಳಿದವುಗಳನ್ನು ಖಾಲಿ ಜಾಗಗಳಿಗೆ ಎಡದಿಂದ ಬಲಕ್ಕೆ ಒಂದೊಂದಾಗಿ ತುಂಬುತ್ತದೆ. ಈಗ "ಬೋರ ಸಿದ್ದನಿಗೆ ಬೆಲ್ಲ ಕೊಟ್ಟ" ಎಂಬ ವಾಕ್ಯ ನೋಡಿ. ಬೆಲ್ಲಕ್ಕೆ ಚೀಟಿಯಿಲ್ಲ. ಆದರೂ ಸಿದ್ದ "ಇಗೆ" ಹಿಡಿದು ತನ್ನ ಜಾಗಕ್ಕೆ ಹೋದ ಮೇಲೆ ಉಳಿದದ್ದು ಎರಡೇ ಪದ. ಮುಂದೆ ನಿಂತ ಬೋರ ಕೊಟ್ಟವನು, ಬೆಲ್ಲ ಕೊಟ್ಟದ್ದು. ಆರ್ ಮಾಡುವುದೂ ಇದನ್ನೇ, ಆದರೆ ಒಂದು ವ್ಯತ್ಯಾಸವಿದೆ. ಬೆಲ್ಲ ಎದ್ದು ಯಾರಿಗೂ ಏನನ್ನೂ ಕೊಡುವುದಿಲ್ಲವೆಂಬ ಲೋಕಜ್ಞಾನ ನಮಗಿದೆ. ಗಣಕಕ್ಕೆ 18 ಕ್ವಿಂಟಲ್ ರಾಗಿಯೂ ಒಂದೇ, ಕತ್ತರಿಸುವ ಪ್ರಮಾಣವೂ ಒಂದೇ.

ಎಲ್ಲಕ್ಕೂ ಹೆಸರು ಬರೆಯುತ್ತ ಕೂರಬೇಕೆ? ಬೇಕಿಲ್ಲ. ಮೊದಲನೆಯದು ಸಾಮಾನ್ಯವಾಗಿ ಅಂಕಿಅಂಶದ ಕಂತೆ. ಅದನ್ನು ಸ್ಥಾನದಿಂದಲೇ ಕೊಡಿ, ಉಳಿದವಕ್ಕೆ ಹೆಸರು ಬರೆಯಿರಿ ಎಂಬುದು ರೂಢಿ. ಕಟಾವಿನ ದಿನ ಮಳೆ ಬಂದು ಒಂದು ಹೊಲದ ತೂಕ ಸಿಗಲಿಲ್ಲವೆನ್ನಿ. ಬರೆಯಬೇಕಾದದ್ದು ಹೀಗೆ:

ಮೀನ್(ರಾಗಿ, ಎನ್ಎ.ಆರ್ಎಂ = ಟ್ರೂ)

ಇಲ್ಲಿ ಹೆಸರನ್ನು ಬಿಟ್ಟು ಬರಿ "ಟ್ರೂ" ಬರೆದರೆ ಅದು ಎರಡನೆಯ ಜಾಗಕ್ಕೆ, ಟ್ರಿಮ್‌ಗೆ, ಹೋಗುತ್ತದೆ. ಟ್ರಿಮ್ ಸಂಖ್ಯೆಯಾಗಿರಬೇಕೆಂದು ಆರ್ ದೂರು ಹೇಳಿ ನಿಂತುಬಿಡುತ್ತದೆ. ನಿಂತುಬಿಡುವ ತಪ್ಪು ಒಳ್ಳೆಯ ತಪ್ಪು. "ಆರ್‌ನಾರ್ಮ್"ನಲ್ಲಿ ಆ ಭಾಗ್ಯವಿಲ್ಲ. ಎಷ್ಟು ಸಂಖ್ಯೆ, ಯಾವ ಸರಾಸರಿ, ಎಷ್ಟು ಮಾನಕ ವಿಚಲನೆ ಎಂಬ ಕ್ರಮದಲ್ಲಿ ಅದು ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುತ್ತದೆ. 100, 12, 3 ಎನ್ನುವ ಬದಲು 100, 3, 12 ಎಂದರೂ ನೂರು ಸಂಖ್ಯೆಗಳು ಮುಖದಲ್ಲಿ ಯಾವ ವಿಕಾರವೂ ಇಲ್ಲದೆ ಬಂದು ನಿಲ್ಲುತ್ತವೆ.

ಯಾವ ಫಂಕ್ಷನ್ನಿನ ಸಾಲಿನಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲು "ಆರ್ಗ್ಸ್" ಎಂಬ ಫಂಕ್ಷನ್ ಇದೆ. ಆರ್ಗ್ಸ್(ಮೀನ್.ಡಿಫಾಲ್ಟ್) ಎಂದು ಕೊಟ್ಟರೆ ಎಕ್ಸ್, ಸೊನ್ನೆ ಬೆಲೆಯ ಟ್ರಿಮ್, ಫಾಲ್ಸ್ ಬೆಲೆಯ ಎನ್ಎ.ಆರ್ಎಂ, ಅವುಗಳ ಹಿಂದೆ ಮೂರು ಚುಕ್ಕಿಗಳು ತೆರೆಯ ಮೇಲೆ ಕಾಣುತ್ತವೆ. ಆರ್ಗ್ಸ್(ಸಮ್) ಎಂದರೆ ಚುಕ್ಕಿಗಳೇ ಮುಂದೆ.