ಡಬ್ಬಿ ಮೆಣಸಿನಕಾಯಿಯ ಸೀಮೆಯಲ್ಲಿ

ಬ್ಯಾಡಗಿಗೆ ಸೋಮವಾರ ಇಲ್ಲವೇ ಗುರುವಾರ ಹೋಗಬೇಕು, ಅದೂ ಜನವರಿಯಿಂದ ಮಾರ್ಚ್‌ ಒಳಗೆ. ಪುಣೆ–ಬೆಂಗಳೂರು ಹೆದ್ದಾರಿಯನ್ನು ಮೋಟೆಬೆನ್ನೂರಿನಲ್ಲಿ ಬಿಟ್ಟು ಒಳಗೆ ತಿರುಗಿದರೆ ಸಾಕು, ಚೀಲ ಹೇರಿಕೊಂಡ ಲಾರಿ, ಟ್ರ್ಯಾಕ್ಟರ್‌ಗಳೇ ಮುಂದಿನ ದಾರಿ ತೋರಿಸುತ್ತವೆ. ಎಪಿಎಂಸಿ ಪ್ರಾಂಗಣಕ್ಕೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಹೊಸಬರಿಗೆ ಸೀನು, ಕೆಮ್ಮು ಶುರು. ಹಮಾಲರು ತಲೆಗೆ ಟವೆಲ್‌ ಸುತ್ತಿಕೊಂಡು ಅದೇ ಗಾಟಿನಲ್ಲಿ ದಿನವಿಡೀ ಚೀಲ ಹೊರುತ್ತಾರೆ. ದಲಾಲಿ ಅಂಗಡಿಗಳ ಮುಂದೆ ಸಾಲುಗಟ್ಟಿದ ಚೀಲಗಳ ಬಾಯಿ ಬಿಚ್ಚಿರುತ್ತದೆ. ಖರೀದಿದಾರರು ಲಾಟಿನಿಂದ ಲಾಟಿಗೆ ಹೋಗಿ ಹಿಡಿ ತೆಗೆದು ನೋಡುತ್ತಾರೆ, ಹಿಚುಕುತ್ತಾರೆ, ಮುರಿಯುತ್ತಾರೆ, ಟೆಂಡರ್‌ ಹಾಕುತ್ತಾರೆ. ಕಾಯಿ ತೇವ ಎನಿಸಿತೋ, ದರ ಅಲ್ಲೇ ಇಳಿಯಿತು.

ಮುಖ್ಯವಾಗಿ ಎರಡು ಬಗೆ: ಕಡ್ಡಿ ಮತ್ತು ಡಬ್ಬಿ. ಕಡ್ಡಿ ಉದ್ದ, ತೆಳುವು, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ಉಬ್ಬಿದ ಮೈ. ಒಂದು ಡಬ್ಬಿಯನ್ನು ಮುರಿದು ನೋಡಿ: ಒಳಗೆ ತುಂಬ ಬೀಜ, ಉಜ್ಜಿದರೆ ಬೆರಳಿಗೆ ಹತ್ತಿದ ಕೆಂಪು ಬೇಗ ಹೋಗುವುದಿಲ್ಲ. ಗುಂಟೂರಿನ ಕಾಯಿ ಖಾರಕ್ಕೆ ಹೆಸರಾದರೆ ಬ್ಯಾಡಗಿಯದು ಬಣ್ಣಕ್ಕೆ. ಬಣ್ಣ ಅಳೆಯುವ ಆಸ್ಟಾ ಮಾಪನದಲ್ಲಿ ಒಳ್ಳೆಯ ಬ್ಯಾಡಗಿ ಕಾಯಿ 150ನ್ನೂ ಮೀರುತ್ತದೆ. ಆ ಬಣ್ಣವನ್ನು ಹಿಂಡಿ ತೆಗೆದ ಓಲಿಯೋರೆಸಿನ್‌ ಆಹಾರ ಉದ್ಯಮಕ್ಕೆ, ಲಿಪ್‌ಸ್ಟಿಕ್‌ನಂಥ ಸೌಂದರ್ಯ ಸಾಧನಗಳಿಗೂ ಹೋಗುತ್ತದೆ. ಉಡುಪಿ ಹೋಟೆಲಿನ ಸಾಂಬಾರು, ಮಂಗಳೂರಿನ ಕೋಳಿ ಗಸಿ, ಬಿಸಿಬೇಳೆ ಭಾತಿನ ಪುಡಿ – ಇವಕ್ಕೆಲ್ಲ ಆ ಬಣ್ಣ ಕೊಟ್ಟದ್ದು ಈ ಕಾಯಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಆದರೆ ಬ್ಯಾಡಗಿಯ ಸುತ್ತಲಿನ ಹೊಲಗಳಲ್ಲಿ ಇಂದು ಮೆಣಸಿನಕಾಯಿಗಿಂತ ಗೋವಿನಜೋಳವೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಮಾರುಕಟ್ಟೆಗೆ ಬರುವ ಕಾಯಿಯಲ್ಲಿ ದೊಡ್ಡ ಪಾಲು ಕುಂದಗೋಳ, ಗದಗ, ಬಳ್ಳಾರಿ, ರಾಯಚೂರು ಸೀಮೆಯದು, ಆಂಧ್ರದ್ದು. ಹಿಂದಿನ ಬೇಸಾಯದ ಕ್ರಮವೇ ಬೇರೆ ಇತ್ತು. ಮುಂಗಾರಿಗೆ ಎರೆಭೂಮಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಜಯಧರ ಹತ್ತಿ ಒಂದೇ ಹೊಲದಲ್ಲಿ. ಮೊದಲು ಉಳ್ಳಾಗಡ್ಡಿ ಕೈಗೆ ಬಂದು ಖರ್ಚು ನೀಗುತ್ತಿತ್ತು, ಚಳಿಗಾಲಕ್ಕೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಮನೆ ಕಾಯುತ್ತಿತ್ತು. ಇಷ್ಟು ಜಾಣ ಬೇಸಾಯವನ್ನು ಕಳೆದುಕೊಂಡದ್ದು ಈ ಸೀಮೆಗೆ ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಬಿಟ್ಟದ್ದೇಕೆ ಎಂದರೆ ಉತ್ತರ ಕಷ್ಟವಲ್ಲ. ಮುಟುರು ರೋಗ, ಥ್ರಿಪ್ಸ್‌, ಕೂಲಿ ಖರ್ಚು. ಹೈಬ್ರಿಡ್‌ ತಳಿ ಎಕರೆಗೆ ಹಲವು ಪಟ್ಟು ಇಳುವರಿ ಕೊಡುವಾಗ ಕಡಿಮೆ ಕಾಯುವ ಡಬ್ಬಿಯನ್ನು ಹಟ ಹಿಡಿದು ಬೆಳೆಯಿರಿ ಎಂದು ರೈತರಿಗೆ ಯಾರು ಹೇಳಿಯಾರು? ದರವೂ ನಂಬಿಕೆಯದಲ್ಲ. 2024ರ ಮಾರ್ಚ್‌ 11ರ ಸೋಮವಾರ ದರ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ವರ್ಷದ ದುಡಿಮೆಯನ್ನು ಹೇರಿಕೊಂಡು ನೂರಾರು ಕಿಲೋಮೀಟರ್‌ ಬಂದವರ ಸಂಕಟ ಅಂದು ಕೈಮೀರಿತ್ತು.

ರಾಣೆಬೆನ್ನೂರಿನ ಕಡೆ ಹೊರಟರೆ ಕತೆಯ ಇನ್ನೊಂದು ತುದಿ ಸಿಗುತ್ತದೆ. ಇದು ಬೀಜೋತ್ಪಾದನೆಯ ತಾಲ್ಲೂಕು. ಹತ್ತಿ, ಟೊಮೆಟೊ, ಬೇರೆ ತರಕಾರಿಗಳ ಹೈಬ್ರಿಡ್‌ ಬೀಜ ಇಲ್ಲಿನ ಹೊಲಗಳಲ್ಲಿ ತಯಾರಾಗುತ್ತದೆ. ಇಂದು ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ನಾಳೆ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸಬೇಕು. ಈ ‘ಕ್ರಾಸಿಂಗ್‌’ ಕೆಲಸದಲ್ಲಿ ಹೆಂಗಸರ ಬೆರಳುಗಳದ್ದೇ ಪಾರುಪತ್ಯ. ಡಬ್ಬಿಯ ಬೀಜಕ್ಕೆ ಮಾತ್ರ ಇಂಥ ವ್ಯವಸ್ಥೆ ಇರಲಿಲ್ಲ. ಚಲೋ ಗಿಡ ಗುರುತು ಮಾಡಿ, ಹಣ್ಣು ಕಾಯಿ ಆರಿಸಿ, ಒಣಗಿಸಿ, ಮುಂದಿನ ಮಳೆಗೆಂದು ಮನೆಯಲ್ಲೇ ತೆಗೆದಿಡುವುದು ರೂಢಿ. ಮೆಣಸಿನ ಹೂವಿಗೆ ಜೇನು, ಕೀಟಗಳ ಮೂಲಕ ಪಕ್ಕದ ಹೊಲದ ಪರಾಗ ಸುಲಭವಾಗಿ ತಾಗುತ್ತದೆ. ಆದ್ದರಿಂದ ಸುತ್ತ ಹೈಬ್ರಿಡ್‌ ತುಂಬಿದಷ್ಟೂ ಮನೆಯ ಬೀಜದ ಶುದ್ಧತೆ ಕೆಡುತ್ತದೆ. ಡಬ್ಬಿ ಉಳಿಯಬೇಕಾದರೆ ಒಬ್ಬಿಬ್ಬರು ಬೆಳೆದರೆ ಸಾಲದು. ಊರಿಗೆ ಊರೇ ಬೆಳೆಯಬೇಕು.

ಈ ಸೀಮೆಗೆ ಹೆಸರು ತಂದ ಇನ್ನೊಂದು ಮಸಾಲೆಯೂ ಇದೆ, ಅದರಲ್ಲಿ ಹಾವೇರಿಯ ಮಾತು ಇನ್ನೂ ವಿಶೇಷ. ಏಲಕ್ಕಿ ಬೆಳೆಯದ ಊರು ಏಲಕ್ಕಿಗೆ ಹೆಸರಾದದ್ದು ಕೈಕಸುಬಿನಿಂದ. ಮಲೆನಾಡಿನ ಏಲಕ್ಕಿಯನ್ನು ಇಲ್ಲಿ ಒಂದೊಂದಾಗಿ ಪೋಣಿಸಿ, ರೇಷ್ಮೆಯ ಗೊಂಡೆ ಕಟ್ಟಿ ಮಾಡುವ ಹಾರ ನಾಡಿನ ಸಭೆ ಸಮಾರಂಭಗಳಲ್ಲೆಲ್ಲ ಗಣ್ಯರ ಕೊರಳಿಗೆ ಬೀಳುತ್ತದೆ.

ಇನ್ನು ಊಟದ ವಿಷಯ. ಈ ಸೀಮೆಗೆ ಚಳಿಗಾಲದಲ್ಲಿ ಬಂದವರು ರಂಜಕ ತಿನ್ನದೆ ಹೋಗಬಾರದು. ಗಿಡದಲ್ಲೇ ಕೆಂಪಾದ ಹಸಿ ಕಾಯಿಯನ್ನು ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ತೊಟ್ಟು ತೆಗೆದು, ಬಳ್ಳೊಳ್ಳಿ, ಉಪ್ಪು, ಹುಣಸೆಹಣ್ಣು, ಹುರಿದ ಮೆಂತ್ಯ, ಇಂಗು ಸೇರಿಸಿ ಒರಳಲ್ಲಿ ರುಬ್ಬುತ್ತಾರೆ. ಮಿಕ್ಸಿಯಲ್ಲೂ ಆಗುತ್ತದೆ, ಆದರೆ ಒರಳಿನ ತರಿತರಿ ಅದಕ್ಕೆ ಬರುವುದಿಲ್ಲ. ಜಾಡಿಗೆ ತುಂಬಿಟ್ಟು ನಾಲ್ಕು ದಿನ ಬಿಟ್ಟರೆ ಹಸಿ ವಾಸನೆ ಹೋಗಿ ಹುಳಿ, ಉಪ್ಪು, ಖಾರ ಹದಕ್ಕೆ ಬರುತ್ತವೆ. ಬಿಸಿ ಜೋಳದ ರೊಟ್ಟಿಯ ಮೇಲೆ ಒಂದಿಷ್ಟು ರಂಜಕ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು. ಬಣ್ಣ ನೋಡಿ ಹೆದರಿದವರೂ ಎರಡನೇ ರೊಟ್ಟಿ ಕೇಳುತ್ತಾರೆ. ಬಣ್ಣದಷ್ಟು ಖಾರ ಅದರಲ್ಲಿಲ್ಲ.

ಪುಡಿಯ ಪ್ಯಾಕೆಟ್‌ ಮೇಲೆ ‘ಬ್ಯಾಡಗಿ’ ಎಂದು ಬರೆದಿದ್ದರೆ ಒಳಗಿರುವುದು ಡಬ್ಬಿಯೇ ಆಗಬೇಕೆಂದಿಲ್ಲ. ಆದ್ದರಿಂದ ವರ್ಷದ ಖಾರದ ಪುಡಿಗೆ ಇಡೀ ಕಾಯಿಯನ್ನೇ ಕೊಳ್ಳಿ. ಅಂಗಡಿಯವರಲ್ಲಿ ಡಬ್ಬಿ ಎಂದು ಹೆಸರು ಹಿಡಿದು ಕೇಳಿ, ಮುರಿದು ನೋಡಿ, ಒಣಗಿದೆಯೋ ಇಲ್ಲವೋ ಪರೀಕ್ಷಿಸಿ. ದರ ಹೆಚ್ಚೇ ಇರುತ್ತದೆ. ಕೇಳುವವರು ಇದ್ದರೆ ಮಾತ್ರ ಮುಂದಿನ ಮುಂಗಾರಿಗೆ ಯಾರಾದರೂ ಆ ಬೀಜ ಹಾಕುತ್ತಾರೆ.