ಫಾರ್ಮ್ಯಾಟ್ ಮಾಡಿದರೂ ನಿಲ್ಲದ ಕ್ರ್ಯಾಶ್: ತಪ್ಪು ಕಲ್ಪನೆ ಮತ್ತು ಸತ್ಯ

ಸರಿಯಾಗಿದ್ದ ಕಂಪ್ಯೂಟರ್ ವಾರಕ್ಕೆ ಎರಡು ಮೂರು ಸಲ ನೀಲಿ ಪರದೆ ತೋರಿಸಿ ನಿಲ್ಲತೊಡಗಿದರೆ ಮೊದಲ ಅನುಮಾನ ವೈರಸ್ ಮೇಲೆ, ಆಮೇಲೆ ವಿಂಡೋಸ್ ಮೇಲೆ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಹೆಸರು ಬರುವುದು ಕೊನೆಗೆ. ಡ್ರೈವ್ ಕೆಟ್ಟರೆ ಒಂದೆರಡು ಫೈಲ್ ತೆರೆಯದೆ ಹೋಗಬಹುದು, ಇಡೀ ಯಂತ್ರವೇಕೆ ನಿಲ್ಲಬೇಕು ಎಂಬುದು ಬಹಳ ಜನರ ಎಣಿಕೆ.

ಈ ಎಣಿಕೆ ಸರಿಯಲ್ಲ. ರ‍್ಯಾಮ್‌ನಲ್ಲಿ ಜಾಗ ಸಾಲದಾದಾಗ ಸದ್ಯಕ್ಕೆ ಬೇಡವಾದ ಭಾಗಗಳನ್ನು ವಿಂಡೋಸ್ ಡ್ರೈವ್‌ನಲ್ಲಿರುವ ಪೇಜ್ ಫೈಲ್‌ಗೆ ಇಳಿಸಿ, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ವಿಂಡೋಸ್‌ನ ತಿರುಳಾದ ಕರ್ನಲ್‌ನ ಸ್ವಂತ ದತ್ತಾಂಶದಲ್ಲೂ ಕೆಲವು ಭಾಗಗಳು ಹೀಗೆ ಹೋಗಿಬರುತ್ತವೆ. ಅಂಥ ಭಾಗವಿರುವ ಸೆಕ್ಟರ್ ಓದಲು ಬಾರದಿದ್ದರೆ ಕರ್ನಲ್‌ಗೆ ಮುಂದುವರಿಯಲು ದಾರಿಯಿಲ್ಲ. ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’ ಎಂದು ತೋರಿಸಿ ನಿಂತುಬಿಡುತ್ತದೆ. ‘ಕ್ರಿಟಿಕಲ್ ಪ್ರೋಸೆಸ್ ಡೈಡ್’, ‘ಅನ್‌ಎಕ್ಸ್‌ಪೆಕ್ಟೆಡ್ ಸ್ಟೋರ್ ಎಕ್ಸೆಪ್ಷನ್’ ಎಂಬ ಸಂದೇಶಗಳ ಹಿಂದೆಯೂ ಅನೇಕ ವೇಳೆ ಡ್ರೈವ್ ತೊಂದರೆಯೇ ಇರುತ್ತದೆ.

ಇಂಥ ಕ್ರ್ಯಾಶ್‌ಗೆ ಗುರುತು ಹಿಡಿಯಬಹುದಾದ ಚಹರೆಯಿದೆ. ಮೌಸ್ ಬಾಣ ಓಡಾಡುತ್ತಿರುತ್ತದೆ, ಆದರೆ ಕ್ಲಿಕ್ ಮಾಡಿದ್ದೇನೂ ತೆರೆಯುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ 100 ಪ್ರತಿಶತ, ಓದು-ಬರಹದ ವೇಗ ಮಾತ್ರ ಸೊನ್ನೆಯ ಆಸುಪಾಸು. ಸ್ವಲ್ಪ ಹೊತ್ತಿಗೆ ನೀಲಿ ಪರದೆ ಬಂದು, ಮಾಹಿತಿ ಸಂಗ್ರಹ 0 ಪ್ರತಿಶತದಲ್ಲೇ ನಿಲ್ಲುತ್ತದೆ. ರೀಸ್ಟಾರ್ಟ್ ಆದಾಗ ಬೂಟ್ ಡಿವೈಸ್ ಇಲ್ಲವೆಂಬ ಸಂದೇಶ ಬರುತ್ತದೆ. ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದಂತೆ ವಿಂಡೋಸ್ ಬರುತ್ತದೆ. ಆಮೇಲೆ ಮಿನಿಡಂಪ್ ಫೋಲ್ಡರ್ ನೋಡಿದರೆ ಖಾಲಿ. ದಾಖಲೆ ಇಲ್ಲವೆಂದು ಹಲವರು ತನಿಖೆ ಕೈಬಿಡುವುದು ಇಲ್ಲೇ. ಕ್ರ್ಯಾಶ್‌ನ ವಿವರ ಬರೆಯಬೇಕಾದ ಡ್ರೈವ್ ಆ ಹೊತ್ತಿಗೆ ಮಾತು ನಿಲ್ಲಿಸಿದ್ದರಿಂದ ಫೈಲ್ ಹುಟ್ಟಿಲ್ಲ. ಆ ಖಾಲಿತನವೇ ಬಲವಾದ ಸುಳಿವು. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ‘ಡಿಸ್ಕ್’ ಹೆಸರಿನಲ್ಲಿ 7, 51 ಅಥವಾ 153 ಸಂಖ್ಯೆಯ ದಾಖಲೆಗಳಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ: 7 ಎಂದರೆ ಕೆಟ್ಟ ಬ್ಲಾಕ್, 51 ಪೇಜಿಂಗ್ ವೇಳೆಯ ತಪ್ಪು, 153 ಒಂದೇ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಗಿ ಬಂದ ದಾಖಲೆ.

ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ಮಿಕ್ಕೆಲ್ಲಕ್ಕಿಂತ ಹೆಚ್ಚು ನಷ್ಟ ತಂದಿದೆ. ಅದು ಗಟ್ಟಿಯಾಗಿ ಬೇರೂರಲು ಕಾರಣವೂ ಇದೆ: ಕೆಲವು ಸಲ ಅದು ನಿಜಕ್ಕೂ ಫಲ ಕೊಟ್ಟಂತೆ ಕಾಣುತ್ತದೆ. ಓದಲು ಬಾರದ ಸೆಕ್ಟರ್‌ ಅನ್ನು ಹಾರ್ಡ್ ಡಿಸ್ಕ್ ತಕ್ಷಣ ಬದಲಿಸುವುದಿಲ್ಲ, ಅನುಮಾನದ ಪಟ್ಟಿಯಲ್ಲಿಟ್ಟು ಕಾಯುತ್ತದೆ. ಅದೇ ಜಾಗಕ್ಕೆ ಹೊಸದಾಗಿ ಬರೆಯುವ ಪ್ರಸಂಗ ಬಂದಾಗ ಪರೀಕ್ಷಿಸಿ, ಕೆಟ್ಟಿದ್ದರೆ ಮೀಸಲು ಸೆಕ್ಟರ್‌ಗೆ ವರ್ಗಾಯಿಸುತ್ತದೆ. ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ಪಾರ್ಟಿಷನ್‌ಗೆ ಸೊನ್ನೆ ಬರೆಯುವುದರಿಂದ ಆ ಸೆಕ್ಟರ್‌ಗಳೆಲ್ಲ ಒಮ್ಮೆಗೇ ವಿಲೇವಾರಿಯಾಗುತ್ತವೆ. ಕೆಲವು ವಾರ ಕ್ರ್ಯಾಶ್ ಇರುವುದಿಲ್ಲ. ಆದರೆ ತಟ್ಟೆಯ ಮೇಲ್ಮೈಯೋ ಹೆಡ್ಡೋ ಹಾಳಾಗುತ್ತಲೇ ಇದ್ದರೆ ಹೊಸ ಸೆಕ್ಟರ್‌ಗಳು ಕೆಡುತ್ತವೆ, ತೊಂದರೆ ಮರಳುತ್ತದೆ. ಅಷ್ಟರಲ್ಲಿ ಹಳೆಯ ಫೋಟೊ, ಲೆಕ್ಕಪತ್ರಗಳು ಅಳಿಸಿಹೋಗಿರುತ್ತವೆ. ಕ್ವಿಕ್ ಫಾರ್ಮ್ಯಾಟ್ ಅಷ್ಟನ್ನೂ ಮಾಡದು, ಫೈಲ್‌ಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ ಅಷ್ಟೆ.

ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ‘ಗುಡ್’ ಎಂದರೆ ಡ್ರೈವ್ ಚೆನ್ನಾಗಿದೆಯೆಂಬುದು ಇನ್ನೊಂದು ನಂಬಿಕೆ. ಗೂಗಲ್ ಎಂಜಿನಿಯರುಗಳು ತಮ್ಮಲ್ಲಿದ್ದ 1 ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ವರದಿಯ ಮೌನವನ್ನು ನಂಬುವಂತಿಲ್ಲ, ಮಾತನ್ನು ಮಾತ್ರ ನಂಬಲೇಬೇಕು: ಅದೇ ಅಧ್ಯಯನದಲ್ಲಿ ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್, ಅಂಥ ದೋಷವಿಲ್ಲದ ಡಿಸ್ಕ್‌ಗಿಂತ 60 ದಿನಗಳೊಳಗೆ ಕೆಡುವ ಸಂಭವ 39 ಪಟ್ಟು ಹೆಚ್ಚಿತ್ತು. ಹೀಗಾಗಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಮೇಲಿನ ಬಣ್ಣವನ್ನಷ್ಟೇ ನೋಡದೆ 05 (ಬದಲಿಸಿದ ಸೆಕ್ಟರ್), ಸಿ5 (ಅನುಮಾನದ ಸೆಕ್ಟರ್), ಸಿ6 (ಸರಿಪಡಿಸಲಾಗದ ಸೆಕ್ಟರ್) ಎಂಬ ಸಾಲುಗಳ ಮೂಲ ಸಂಖ್ಯೆ ಓದಬೇಕು. ವಾರ ಬಿಟ್ಟು ನೋಡಿದಾಗ ಸಂಖ್ಯೆ ಏರಿದ್ದರೆ ಬದಲಿಸುವ ಕಾಲ ಬಂದಿದೆ.

ಅದೇ ಪಟ್ಟಿಯ ಸಿ7 ಸಾಲಿನ ಕಥೆ ಬೇರೆ. ಡ್ರೈವ್ ಮತ್ತು ಮದರ್‌ಬೋರ್ಡ್ ನಡುವಿನ ಸಾಗಣೆಯಲ್ಲಾದ ತಪ್ಪುಗಳ ಎಣಿಕೆ ಅದು. ಅದೊಂದೇ ಏರುತ್ತಿದ್ದರೆ ದೋಷ ಬಹುತೇಕ ಸಾಟಾ ಕೇಬಲ್‌ನದು ಅಥವಾ ಸಡಿಲವಾದ ಕನೆಕ್ಟರ್‌ನದು. ಅಗ್ಗದ ಕೇಬಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಒಳ್ಳೆಯ ಡ್ರೈವ್ ಕಸದ ಬುಟ್ಟಿಗೆ ಹೋಗುವುದುಂಟು. ಹಳೆಯ ಲೆಕ್ಕ ಸೊನ್ನೆಯಾಗುವುದಿಲ್ಲ, ಕೇಬಲ್ ಬದಲಿಸಿದ ಮೇಲೆ ಮುಂದೆ ಏರುತ್ತಿದೆಯೇ ಎಂಬುದನ್ನಷ್ಟೇ ಗಮನಿಸಬೇಕು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಆದ್ದರಿಂದ ಕೆಡುವುದಿಲ್ಲ ಎಂಬುದೂ ನಿಲ್ಲದ ಮಾತು. ಅದರೊಳಗೆ ಕಂಟ್ರೋಲರ್ ಇದೆ, ಅದನ್ನು ನಡೆಸುವ ಫರ್ಮ್‌ವೇರ್ ಇದೆ. ಕ್ರೂಶಿಯಲ್ ಎಂ4 ಮಾದರಿಯ ಎಸ್‌ಎಸ್‌ಡಿಗಳು ಒಟ್ಟು 5,184 ಗಂಟೆ ಚಾಲೂ ಇದ್ದ ಬಳಿಕ ಪ್ರತಿಕ್ರಿಯೆ ನಿಲ್ಲಿಸುತ್ತಿದ್ದವು. ಆಫ್ ಮಾಡಿ ಆನ್ ಮಾಡಿದರೆ ಬರುತ್ತಿದ್ದವು, ಮತ್ತೆ ಒಂದು ಗಂಟೆಗೆ ಅದೇ ಗತಿ. ಸ್ಮಾರ್ಟ್ ಎಣಿಕೆಗೆ ಸಂಬಂಧಿಸಿದ ಫರ್ಮ್‌ವೇರ್ ತಪ್ಪು ಅದು. 2012ರ ಜನವರಿಯಲ್ಲಿ ಬಂದ 0309 ಆವೃತ್ತಿ ಸರಿಪಡಿಸಿತು. ಅಲ್ಲಿಯವರೆಗೆ ವಿಂಡೋಸ್ ಎಷ್ಟು ಸಲ ಹಾಕಿದರೂ ಪ್ರಯೋಜನವಿರಲಿಲ್ಲ. ಹೀಗಾಗಿ ಎಸ್‌ಎಸ್‌ಡಿ ಮೇಲೆ ಅನುಮಾನ ಬಂದರೆ, ಬ್ಯಾಕಪ್ ಆದ ಮೇಲೆ, ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ನೋಡುವುದು ಮೊದಲ ಕೆಲಸ.

ಬ್ಯಾಕಪ್‌ಗೆ ಮುನ್ನವೇ ಚೆಕ್‌ಡಿಸ್ಕ್ ಓಡಿಸುವ ಅಭ್ಯಾಸ ಅಪಾಯದ್ದು. ಚೆಕ್‌ಡಿಸ್ಕ್ ರಿಪೇರಿ ಮಾಡುವುದು ಫೈಲ್ ವ್ಯವಸ್ಥೆಯನ್ನು, ಯಂತ್ರವನ್ನಲ್ಲ. ಸೆಕ್ಟರ್ ಹುಡುಕುವ ಆಯ್ಕೆ ಕೊಟ್ಟರೆ ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ. ಸಾಯುತ್ತಿರುವ ಡಿಸ್ಕ್ ಆ ದುಡಿತದಲ್ಲೇ ಕೊನೆಯಾಗಬಹುದು. ಮುಖ್ಯ ಫೈಲ್‌ಗಳನ್ನು ಮೊದಲು ಬೇರೆಡೆ ನಕಲು ಮಾಡಬೇಕು. ನಕಲು ಅಲ್ಲಲ್ಲಿ ಸಿಕ್ಕಿಕೊಂಡರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಸಾಧನವಿದೆ: ಸುಲಭವಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಟಕ್ ಟಕ್ ಸದ್ದು ಮಾಡುತ್ತಿರುವ ಹಾರ್ಡ್ ಡಿಸ್ಕ್‌ಗೆ ಇದೂ ಬೇಡ. ಬೆಲೆಬಾಳುವ ದತ್ತಾಂಶವಿದ್ದರೆ ಕರೆಂಟ್ ತೆಗೆದು ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಕೊಡುವುದೊಂದೇ ದಾರಿ.

ಎದುರು ದಿಕ್ಕಿನ ತಪ್ಪೂ ಆಗುತ್ತದೆ. ದೋಷವಿರುವ ರ‍್ಯಾಮ್ ತಪ್ಪು ಬಿಟ್‌ಗಳನ್ನು ಒಳ್ಳೆಯ ಡ್ರೈವ್‌ಗೆ ಬರೆಸಿ ಫೈಲ್ ವ್ಯವಸ್ಥೆ ಕೆಡಿಸುತ್ತದೆ, ಅಪವಾದ ಡ್ರೈವ್‌ಗೆ ಬರುತ್ತದೆ. ಸ್ಮಾರ್ಟ್ ಸಂಖ್ಯೆಗಳು ಏರದೆ, ಕ್ರ್ಯಾಶ್ ಸಂದೇಶ ಸಲಸಲಕ್ಕೂ ಬೇರೆಯಾಗುತ್ತಿದ್ದರೆ ಹೊಸ ಡ್ರೈವ್ ಕೊಳ್ಳುವ ಮುನ್ನ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶ ಒಂದು ರಾತ್ರಿ ಓಡಲಿ. ಅದರಲ್ಲಿ ತಪ್ಪು ಕಂಡರೆ ಬದಲಿಸಬೇಕಾದದ್ದು ರ‍್ಯಾಮ್.